ಬೆಡ್‌ಶೀಟಿನ ಮೇಲಿನ ಇತಿಹಾಸ

ಈ ದೇಶದಲ್ಲಿ ಯಾರ ಮನೆಯ ಮಂಚದ ಮೇಲೆ ಎಂಥ ಬೆಡ್‌ಶೀಟ್ ಹಾಸಿದೆ ಎಂಬ ವಿಷಯದಲ್ಲಿ ನಮ್ಮ ಚಿಕ್ಕಪ್ಪನಷ್ಟು ತಿಳಿದವರು ಇನ್ನೊಬ್ಬರಿಲ್ಲ. ನೀವು ಏನೇನೋ ಕಲ್ಪಿಸಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಅವರು ಜವಳಿ ವ್ಯಾಪಾರಿಯಲ್ಲ, ಕಂಡವರ ಕಿಟಕಿ ಇಣುಕುವವರೂ ಅಲ್ಲ. ಹಳೇ ನಾಣ್ಯ ಕೂಡಿಡುವವರು. ಮೊಬೈಲಿನಲ್ಲಿ ಹಳೇ ನಾಣ್ಯಗಳನ್ನು ಹರಾಜಿಗೆ ಹಾಕುವ ಜನರಿದ್ದಾರಲ್ಲ, ಅವರೆಲ್ಲ ನಾಣ್ಯವನ್ನು ಮಂಚದ ಮೇಲಿಟ್ಟೇ ಫೋಟೋ ತೆಗೆಯುತ್ತಾರೆ. ಮಂಚವೇ ಯಾಕೆ, ಮೇಜು ಯಾಕಾಗಬಾರದು ಎಂದು ನನ್ನನ್ನು ಕೇಳಬೇಡಿ. ಆ ಫೋಟೋಗಳಲ್ಲಿ ನಾಣ್ಯ ಮಸುಕಾಗಿರುತ್ತದೆ, ಬೆಡ್‌ಶೀಟ್ ನೂಲುನೂಲಾಗಿ ಕಾಣುತ್ತದೆ. ಹಾಗಾಗಿ ಚಿಕ್ಕಪ್ಪ ಮಾರುವವರನ್ನು ಹೆಸರಿನಿಂದ ಗುರುತಿಸುವುದೇ ಇಲ್ಲ. ಅವರಿಗೆ ಒಬ್ಬ ನವಿಲಿನವನು, ಒಬ್ಬ ಗುಲಾಬಿಯವನು, ಮತ್ತೊಬ್ಬ ನೀಲಿ ಚೌಕಳಿಯವನು.

"ನವಿಲಿನಾಂವ ಮತ್ತ ಬಂದಾನ ನೋಡವಾ" ಎಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. "ಈ ಸಲ ಬೆಡ್‌ಶೀಟ್ ಒಗದಾನ. ನಾಣ್ಯ ಮಾತ್ರ ಹ್ವಾದ ವಾರದ್ದ."

ಚಿಕ್ಕಪ್ಪ ಹಾವೇರಿ ಕಡೆಯವರು. ಚಿಕ್ಕಬಾಣಾವರದಲ್ಲಿ ಮನೆ ಮಾಡಿ ಎಷ್ಟೋ ವರ್ಷವಾದರೂ ಮಾತು ಮಾತ್ರ ತುಂಗಭದ್ರೆ ದಾಟಿ ಈಚೆ ಬಂದಿಲ್ಲ. ಪೀಣ್ಯದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬಿಡಿಭಾಗವನ್ನು ಹಿಡಿದು ಕೆಂಪು ಡಬ್ಬಿಗೆ ಎಸೆಯುವುದು ಅವರ ಕೆಲಸವಾಗಿತ್ತು. ನಾನೋ, ಹೂಡಿಯ ಟೆಕ್ ಪಾರ್ಕೊಂದರಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವಳು. ತಪ್ಪು ಹುಡುಕುವುದು ನಮ್ಮ ಮನೆತನದ ಕಸುಬು ಎಂದರೆ ಸುಳ್ಳಲ್ಲ. ವ್ಯತ್ಯಾಸ ಇಷ್ಟೇ: ಶುಕ್ರವಾರ ಸಂಜೆಯ ಹೊತ್ತಿಗೆ ನನಗೆ ಸಾಕಪ್ಪಾ ಸಾಕು ಅನ್ನಿಸಿರುತ್ತದೆ, ಅವರಿಗೆ ನಿವೃತ್ತಿಯಾದ ಮೇಲೂ ಸಾಕಾಗಿಲ್ಲ. ಭಾನುವಾರ ಬೆಳಿಗ್ಗೆ ನಾನು ಹೂಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಜಾಲಹಳ್ಳಿಯಲ್ಲಿ ಇಳಿದು, ಆಟೋದವನ ಜೊತೆ ವಾದ ಮಾಡಿ ಅವರ ಮನೆ ಮುಟ್ಟುವಷ್ಟರಲ್ಲಿ ಅರ್ಧ ಜೀವವಾಗಿರುತ್ತೇನೆ. ಉಳಿದರ್ಧ ಜೀವವನ್ನು ಅವರು ನಾಣ್ಯದ ಜಾಹೀರಾತು ಓದಿ ತೆಗೆಯುತ್ತಾರೆ.

ಮತ್ತೆ ಯಾಕೆ ಹೋಗುತ್ತೀ ಎಂದರೆ, ಚಿಕ್ಕಮ್ಮನ ಜೋಳದ ರೊಟ್ಟಿಗೆ. ಚಿಕ್ಕಮ್ಮ ಬಡಿದ ರೊಟ್ಟಿ ತಿಂದವರು ವಾರದ ದಣಿವನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಆದರೆ ಆ ರೊಟ್ಟಿಗೂ ತಪಾಸಣೆ ತಪ್ಪಿದ್ದಲ್ಲ. "ಇದು ಒಂದ್ ಕಡೆ ದಪ್ಪ ಬಂದೈತಿ" ಎಂದು ಚಿಕ್ಕಪ್ಪ ಬೆಳಕಿಗೆ ಹಿಡಿದು ನೋಡುತ್ತಾರೆ.

"ಎಲ್ಲಾದ್ರಾಗೂ ಐಬು ಕಾಣೋ ಮನುಷಾ, ನನ್ನೊಬ್ಬಾಕಿನ ಹೆಂಗ ಪಾಸ್ ಮಾಡಿದ್ರಿ?" ಎಂದು ಚಿಕ್ಕಮ್ಮ ಒಲೆಯ ಮುಂದಿನಿಂದಲೇ ಕೇಳುತ್ತಿದ್ದರು.

"ಅವತ್ತು ಲೆನ್ಸ್ ತಂದಿರಲಿಲ್ಲ" ಎನ್ನುತ್ತಿದ್ದರು ಚಿಕ್ಕಪ್ಪ.

ಊಟವಾದ ಮೇಲೆ ಚಿಕ್ಕಮ್ಮ ಒಳಗೆ ಹೋಗಿ ಮಲಗುತ್ತಿದ್ದರು. ಜಾಣೆ. ನನಗೆ ಆ ಸೌಲಭ್ಯವಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನ ಗೆಳೆಯರೊಬ್ಬರು ಬರುತ್ತಿದ್ದರು. ಅವರಿಗೆ ಪೀಣ್ಯದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇದೆ, ಅವರಿಗೂ ಇದೇ ನಾಣ್ಯದ ಹುಚ್ಚು. ಇಬ್ಬರೂ ಸೇರಿದರೆ ಶುರುವಾಗುತ್ತಿತ್ತು, ಜಾಹೀರಾತುಗಳಲ್ಲಿ ವಾರದ ಅತಿ ದೊಡ್ಡ ಸುಳ್ಳು ಹುಡುಕುವ ಸ್ಪರ್ಧೆ. ತೀರ್ಪುಗಾರ್ತಿ ನಾನು. ಆಕಳಿಸಿದರೆ ಅದನ್ನೂ ಒಂದು ಅಂಕವೆಂದು ಹಿಡಿಯುತ್ತಿದ್ದರು.

"ಕೇಳಿ ಮೇಡಂ" ಎನ್ನುತ್ತಿದ್ದರು ಗೆಳೆಯರು. "ಈ ನೀಲಿ ಚೌಕಳಿಯವನು ಹಾಕಿದಾನೆ, ಪ್ರಪಂಚದಲ್ಲಿ ಇರೋದೇ ಇದೊಂದು ಪೀಸ್. ಕೆಳಗಡೆ ಬರ್ದಿದಾನೆ, ಐದು ತಗೊಂಡ್ರೆ ಕೊರಿಯರ್ ಫ್ರೀ."

ಚಿಕ್ಕಪ್ಪನ ಬಾಣ ಬೇರೆ. ಕಂಪನಿ ಸರ್ಕಾರದ ಕಾಲದ ನಾಣ್ಯ, ಮೇಲೆ ರಾಮ, ಸೀತೆ, ಕೆಳಗೆ ಹನುಮಂತ, ಜೊತೆಗೆ ಅಕ್ಕಿಯನ್ನು ತನ್ನತ್ತ ಎಳೆಯುವ ದೈವಶಕ್ತಿ ಬೇರೆ ಉಂಟು ಎಂದು ಗುಲಾಬಿ ಬೆಡ್‌ಶೀಟಿನವನು ಹಾಕಿದ್ದ. ವ್ಯಾಪಾರಕ್ಕೆ ಬಂದ ಬಿಳಿಯರು ಹನುಮಂತನ ನಾಣ್ಯ ಯಾಕೆ ಹೊಡೆಸಿದರು ಎಂದು ಕೇಳುವುದು ಸಾಮಾನ್ಯರ ದಾರಿ. ಚಿಕ್ಕಪ್ಪ ಅವನಿಗೆ ವಿನಯದಿಂದ ಬರೆದರು: "ಸ್ವಾಮಿ, ನಾವು ಹಾವೇರಿ ಕಡೆಯ ಮಂದಿ. ನಮ್ಮ ಮನೆಯಲ್ಲಿ ಅಕ್ಕಿ ಕಡಿಮೆ. ಜೋಳ ಎಳೆಯುವ ನಾಣ್ಯ ಇದ್ದರೆ ತಿಳಿಸುವುದು." ಇದಕ್ಕೆ ಅವನು ನಾಚಿಕೊಂಡನೆಂದು ತಿಳಿದಿರಾ? ಮರುದಿನ ಬೆಳಿಗ್ಗೆಯೇ ಉತ್ತರ ಬಂತು. "ಇದೆ ಸಾರ್. ಅಡ್ವಾನ್ಸ್ ಹಾಕಿ."

ಇನ್ನೊಮ್ಮೆ ಪಕ್ಕದ ಮನೆಯವರು ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರನ್ನು ಇನ್ನೊಂದು ಕವರಿನಲ್ಲಿ ಇಟ್ಟುಕೊಂಡು ಬಂದರು. ಅಂಥ ನೋಟಿಗೆ ಲಕ್ಷಗಟ್ಟಲೆ ಬರುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿ, ಮೇಲೊಂದು ಮಹಡಿ ಕಟ್ಟಿಸುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಚಿಕ್ಕಪ್ಪ ಲೆನ್ಸ್ ಹಚ್ಚಿ ಮುಂದೆ ನೋಡಿದರು, ಹಿಂದೆ ನೋಡಿದರು. ಪಕ್ಕದ ಮನೆಯವರು ಉಸಿರು ಬಿಗಿಹಿಡಿದಿದ್ದರು. "ನೋಟು ಅಸಲಿ ಐತ್ರಿ. ಐದು ರೂಪಾಯಿ ಕಿಮ್ಮತ್ತು. ಕೊತ್ತಂಬರಿಯಾಂವ ತಗೋತಾನ" ಎಂದು ಹಿಂದಿರುಗಿಸಿದರು. ಅವರು ನಮ್ಮೊಂದಿಗೆ ಮಾತಾಡಲು ಒಂದು ಮಳೆಗಾಲ ಕಳೆಯಬೇಕಾಯಿತು.

ಹೀಗೆ ಎಲ್ಲರನ್ನೂ ವಿನಯದಿಂದ ಪೀಡಿಸಿ ಪೀಡಿಸಿ, ಕೊನೆಗೆ ಆ ಹರಾಜಿನವರು ಚಿಕ್ಕಪ್ಪನ ಖಾತೆಯನ್ನೇ ಮುಚ್ಚಿಬಿಟ್ಟರು. ಸುಮ್ಮನಾದರೇ? "ನಿನ್ನ ಹೆಸರಿಲೆ ಒಂದ್ ತಗದು ಕೊಡವಾ, ಬರೇ ನೋಡತೀನಿ" ಎಂದರು. ಬರೇ ನೋಡಲು ಖಾತೆಯೇ ಬೇಕಿಲ್ಲ; ಅಲ್ಲದೆ ಬರೇ ನೋಡುವುದು ಆ ಮನುಷ್ಯನಿಂದ ಆಗುವ ಕೆಲಸವೇ? ಈಗ ನನ್ನ ಖಾತೆಯೂ ಹೋಗಿ, ಮನೆ ಬದಲಾಯಿಸುವಾಗ ಅಲ್ಲಿ ಹಳೇ ಕುರ್ಚಿ ಮಾರಲೂ ನನಗೆ ಯೋಗ್ಯತೆ ಇಲ್ಲದಂತಾಗಿದೆ.

ಇಷ್ಟೆಲ್ಲ ನಗುವ ಚಿಕ್ಕಪ್ಪನಿಗೆ ನಗು ಬಾರದ ಜಾಹೀರಾತು ಒಂದೇ ಬಗೆಯದು. ಅಸಲಿ ಹಳೇ ತಾಮ್ರದ ನಾಣ್ಯ, ಆದರೆ ತಿಕ್ಕಿ ತೊಳೆದು ಫಳಫಳ ಮಾಡಿದ್ದು. "ಹೊಸದರಂತೆ ಹೊಳೆಯುತ್ತದೆ" ಎಂಬ ಸಾಲು ಕಂಡರೆ ಅವರ ಮುಖ ಕಪ್ಪಿಡುತ್ತಿತ್ತು. ತಾಮ್ರದ ಮೇಲೆ ಆ ಕಂದು ಬಣ್ಣ ಕೂರಲು ನೂರಾರು ವರ್ಷ ಬೇಕಂತೆ. ಅದು ಕೊಳೆಯಲ್ಲ, ನಾಣ್ಯದ ವಯಸ್ಸು. ಉಜ್ಜಿದರೆ ಅದೂ ಹೋಗುತ್ತದೆ, ಸವೆದು ಉಳಿದಿದ್ದ ಅಕ್ಷರವೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಸಂಗ್ರಹ ಮಾಡುವವರ ಪಾಲಿಗೆ ಅದು ಸತ್ತ ನಾಣ್ಯ. "ಸುಳ್ಳ ನಾಣ್ಯ ಮಾರಾಂವ ಬರೇ ರೊಕ್ಕ ಕದೀತಾನವಾ. ಇಂವ ಇದ್ದದ್ದನ್ನ ಕೊಂದಾನ" ಎನ್ನುತ್ತಿದ್ದರು. ಈ ವಿಷಯವನ್ನು ಅವರು ಎಲ್ಲೆಲ್ಲಿಯೋ ಕೂತ ಅಪರಿಚಿತರಿಗೆ ಉದ್ದುದ್ದ ಬರೆದು ವಿವರಿಸಿದ್ದಾರೆ. ಒಂದೇ ಸೂರಿನಡಿ ಇರುವ ಚಿಕ್ಕಮ್ಮನಿಗೆ ಮಾತ್ರ ವಿವರಿಸಿರಲಿಲ್ಲ. ಅವರಿಗೆ ಹೇಳಿದ್ದು "ಮುಟ್ಟಬ್ಯಾಡ" ಎಂಬ ಒಂದೇ ಮಾತು. ಗಂಡಸರು ಊರಿಗೆಲ್ಲ ಹೇಳಿದ್ದನ್ನು ಮನೆಯಲ್ಲೂ ಹೇಳಿದ್ದೇವೆ ಎಂದುಕೊಂಡಿರುತ್ತಾರೆ. ಕಳೆದುಹೋದಾವು ಎಂಬ ಜಿಪುಣತನಕ್ಕೆ ಹಾಗೆನ್ನುತ್ತಾರೆ ಎಂದು ಚಿಕ್ಕಮ್ಮ ತಿಳಿದಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮ ರೊಟ್ಟಿ ಹಿಟ್ಟು ನಾದುತ್ತ ನಾದುತ್ತ ಅಡುಗೆಮನೆಯಲ್ಲೇ ಕುಸಿದರು. ಪಾರ್ಶ್ವವಾಯು. ಜೀವ ಉಳಿಯಿತು, ಮಾತೂ ಮರಳಿತು, ಗೋಡೆ ಹಿಡಿದು ನಡೆಯುವಂತಾದರು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡೇ ಇತ್ತು. ಈ ಕೆಲವು ತಿಂಗಳೇ ಮುಖ್ಯ, ಈಗ ದುಡಿಸಿದರೆ ಬರುತ್ತದೆ, ಬಿಟ್ಟರೆ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ ಹಿಚುಕಲು ಮೆತ್ತನೆಯ ಚೆಂಡು ಕೊಟ್ಟಳು. "ನಾ ಏನ್ ಕೂಸೇನವಾ?" ಎಂದು ಚಿಕ್ಕಮ್ಮ ಅದನ್ನು ಪಕ್ಕಕ್ಕಿಟ್ಟರು. ಹಾಗಾದರೆ ಚಿಲ್ಲರೆ ಕಾಸು ಒಂದೊಂದೇ ಎತ್ತಿ ಡಬ್ಬಿಗೆ ಹಾಕಿ ಎಂದಳು. "ಗುಡಿ ಮುಂದ ಕುಂತು ಭಿಕ್ಷಾ ಎಣಿಸಿದಂಗ ಆಕ್ಕತಿ. ಒಲ್ಲೆ." ಬದುಕಿನುದ್ದಕ್ಕೂ ಕೆಲಸ ಮಾಡಿದ ಕೈಗೆ ಕೆಲಸದ ನಾಟಕ ಬೇಕಿರಲಿಲ್ಲ.

ಅವರ ಮಗಳು ತುಮಕೂರಿನಲ್ಲಿ ಟೀಚರು. ಶನಿವಾರ ಅವಳು, ಭಾನುವಾರ ನಾನು. ಇಬ್ಬರೂ ರಮಿಸಿದೆವು, ಗದರಿಸಿದೆವು, ಅತ್ತೆವು. ಚಿಕ್ಕಪ್ಪ ಹೆಂಡತಿಯ ಪಕ್ಕ ಕೂತು ಜಾಹೀರಾತು ಓದಿ ಹೇಳುತ್ತಿದ್ದರು. ಮೊದಲೆಲ್ಲ ಮಲಗಲು ಎದ್ದು ಹೋಗುತ್ತಿದ್ದ ಚಿಕ್ಕಮ್ಮ ಈಗ ಸುಲಭಕ್ಕೆ ಏಳಲಾರದೆ ಕೇಳಿಸಿಕೊಳ್ಳುತ್ತಿದ್ದರು. ನಗುತ್ತಿರಲಿಲ್ಲ. ಬರಬರುತ್ತ ಓದುವವರ ದನಿಯಲ್ಲೂ ಉಪ್ಪುಖಾರ ಹೋಯಿತು. ಮನೆಗೆ ಖಾನಾವಳಿಯ ರೊಟ್ಟಿ ಬರತೊಡಗಿತು. ಅದು ಕಡಕ್ಕಾಗಿದ್ದರೂ ಚಿಕ್ಕಪ್ಪ ಬೆಳಕಿಗೆ ಹಿಡಿಯಲಿಲ್ಲ, ಮುರಿದುಕೊಂಡು ತಿಂದರು. ಒಂದು ಭಾನುವಾರ ನಾನೇ ಮೊಬೈಲ್ ತೋರಿಸಿ ಗುಲಾಬಿಯವನು ಅಕ್ಕಿ ಬಿಟ್ಟು ಈಗ ಚಿನ್ನ ಎಳೆಯುವ ನಾಣ್ಯ ತಂದಿದ್ದಾನೆ ಎಂದೆ. "ಎಳೀಲಿ ಬಿಡು" ಎಂದರು. ಇಬ್ಬರೂ ಸೋತಿದ್ದರು. ನಿಜ ಹೇಳಬೇಕೆಂದರೆ ನಾನೂ ಸೋತಿದ್ದೆ. ವಾಪಸು ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿದ್ದೇ ವಾರದ ದೊಡ್ಡ ಸುಖ ಎನ್ನಿಸುವ ಸ್ಥಿತಿ.

ಶ್ರಾವಣದ ಹೊತ್ತಿನ ಒಂದು ಭಾನುವಾರ ನಾನು ಆಟೋ ಇಳಿಯುವಾಗ ಚಿಕ್ಕಪ್ಪ, ಅವರ ವರ್ಕ್‌ಶಾಪ್ ಗೆಳೆಯರು ಇಬ್ಬರೂ ಔಷಧಿ ಅಂಗಡಿಯಿಂದ ನಡೆದು ಬರುತ್ತಿದ್ದರು. ಮೂವರೂ ಒಟ್ಟಿಗೇ ಬಾಗಿಲು ದಾಟಿದೆವು. ಊಟದ ಮೇಜಿನ ಮುಂದೆ ಚಿಕ್ಕಮ್ಮ ಕೂತಿದ್ದರು. ಮುಂದೆ ಒಂದು ಬಟ್ಟಲು ನೆನೆದ ಹುಣಸೆಹಣ್ಣು, ಚಿಟಿಕೆ ಉಪ್ಪು, ಹಳೇ ಪಂಚೆಯ ತುಂಡು. ಪಕ್ಕದ ಟವೆಲ್ಲಿನ ಮೇಲೆ ಸಾಲಾಗಿ, ಆಗ ತಾನೇ ತೊಳೆದ ತಾಮ್ರದ ಚೊಂಬಿನ ಹಾಗೆ ಥಳಥಳಿಸುವ ನಾಣ್ಯಗಳು. ಬೆಳಿಗ್ಗೆ ಏನನ್ನೋ ಹೋಲಿಸಿ ನೋಡಲು ಹೊರಗೆ ತೆಗೆದ ನಾಣ್ಯಗಳ ತಟ್ಟೆಯನ್ನು ಚಿಕ್ಕಪ್ಪ ಬೀರುವಿನಲ್ಲಿಡಲು ಮರೆತು ಹೋಗಿದ್ದರು.

ಬಾಗಿಲ ಸದ್ದಿಗೆ ಚಿಕ್ಕಮ್ಮ ತಲೆ ಎತ್ತಿದರು. "ಬೈಬ್ಯಾಡ್ರಿ" ಎಂದರು. "ಎಷ್ಟ್ ವರ್ಷದಿಂದ ಗಟಾರದಾಗ ಬಿದ್ದಿದ್ದರಂಗ ಇಟ್ಟೀರಿ ಇವನ್ನ. ಇವತ್ತ ಕಣ್ಣಿಗೆ ಬಿದ್ದೂವು, ತಡಿಲಿಕ್ಕ ಆಗಲಿಲ್ಲ. ಮೊದಲ ಎಡಗೈಲೆ ತಿಕ್ಕಿದೆ. ಜಾರಾಕತ್ತಿದ್ದೂವು. ಆಮ್ಯಾಲೆ ಇದು ತಾನ ಬಂತು."

ಇದು ಎಂದರೆ ಬಲಗೈ. ಎಡಗೈ ನಾಣ್ಯವನ್ನು ಬಟ್ಟೆಗೆ ಒತ್ತಿ ಹಿಡಿದಿತ್ತು, ಬಲಗೈಯ ಹೆಬ್ಬೆರಳು ಅದರ ಮೇಲೆ ಹಿಂದೆ ಮುಂದೆ ಹೋಗುತ್ತಿತ್ತು. ತಡವರಿಸುತ್ತ, ನಿಂತು ನಿಂತು, ಆದರೂ ಹೋಗುತ್ತಿತ್ತು. ಮಣಿಕಟ್ಟಿನವರೆಗೂ ಹುಣಸೆಯ ರಸ.

ಗೆಳೆಯರ ಕಣ್ಣು ಟವೆಲ್ಲಿನ ಮೇಲಿತ್ತು. "ಅಯ್ಯಯ್ಯೋ, ಸಾರ್, ಇದು ಕಂಪನಿ ಕಾಲದ್ದು, ಆ..." ಎನ್ನುವಷ್ಟರಲ್ಲಿ ಚಿಕ್ಕಪ್ಪ ಅವರ ಪಾದದ ಮೇಲೆ ತಮ್ಮ ಪಾದ ಇಟ್ಟು ಒತ್ತಿದರು. "ನಿಮ್ಮ ಕಾರು ಗೇಟಿಗೆ ಅಡ್ಡ ನಿಂತೈತಿ. ಹೋಗಿ ಸರಿಸಿ ಬರ್ರಿ" ಎಂದರು. ನಡೆದು ಬಂದಿದ್ದ ಆ ಮನುಷ್ಯ ಒಂದು ಕ್ಷಣ ಅವರ ಮುಖ ನೋಡಿ, ಇಲ್ಲದ ಕಾರನ್ನು ಸರಿಸಲು ಹೊರಗೆ ಹೋದರು. ಅವರು ಒಳ್ಳೆಯವರು.

ಚಿಕ್ಕಪ್ಪ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ಲೆನ್ಸ್ ತೆಗೆದು, ಟವೆಲ್ಲಿನಿಂದ ಒಂದು ನಾಣ್ಯ ಎತ್ತಿ ನೋಡಿದರು. ತುಂಬ ಹೊತ್ತು ನೋಡಿದರು. ಅವರಿಗೆ ಏನು ಕಾಣುತ್ತಿದೆಯೆಂದು ನನಗೆ ಗೊತ್ತಿತ್ತು. ಈಗ ಬೈಯುತ್ತಾರೋ, ಅಳುತ್ತಾರೋ ಎಂದು ನಾನು ಬಾಗಿಲ ಬಳಿಯೇ ನಿಂತಿದ್ದೆ. ಚಿಕ್ಕಮ್ಮನೂ ಉಜ್ಜುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ನಿಂತ ಆ ಹೆಬ್ಬೆರಳನ್ನು ಚಿಕ್ಕಪ್ಪ ಲೆನ್ಸಿನ ಮೇಲಿಂದ ಒಮ್ಮೆ ನೋಡಿದರು.

"ಅಂಚಿನಾಗ ಇನ್ನೂ ಸ್ವಲ್ಪ ಉಳದೈತಿ" ಎಂದು ನಾಣ್ಯವನ್ನು ಅವರ ಮುಂದಿಟ್ಟರು.

"ಅಷ್ಟ ತಾನ?" ಎಂದರು ಚಿಕ್ಕಮ್ಮ. ಹೆಬ್ಬೆರಳು ಮತ್ತೆ ಹೊರಟಿತು.

ಆ ಇಡೀ ತಟ್ಟೆ ಮುಗಿಯುವವರೆಗೆ ಚಿಕ್ಕಪ್ಪ ಕದಲಲಿಲ್ಲ. ಮುಗಿದ ಮೇಲೆ ಎದ್ದು ಬೀರು ತೆಗೆದರು. ತಂದದ್ದು ಆನೆ ಕಾಸಿನ ಪೆಟ್ಟಿಗೆ. ಮೈಸೂರು ಸೀಮೆಯ ಹಳೇ ತಾಮ್ರದ ಕಾಸುಗಳು, ಮೇಲೊಂದು ಪುಟ್ಟ ಆನೆ. ಅವನ್ನು ಕೂಡಿಸಲು ಅವರಿಗೆ ಅರ್ಧ ಆಯಸ್ಸು ಹಿಡಿದಿತ್ತು. ನನಗೆ ತೋರಿಸುವಾಗ ಉಸಿರು ತಾಗೀತೆಂದು ಬಾಯಿಗೆ ಸೆರಗು ಹಿಡಿಸಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದು ಅದನ್ನು ಹುಣಸೆಯ ಬಟ್ಟಲಿನ ಪಕ್ಕಕ್ಕೆ ಇಟ್ಟರು. ನಾನು ಗೋಡೆಯ ಕಡೆ ತಿರುಗಿ ನಿಂತೆ.

"ಇವೂ ಭಾಳ ಹೊಲಸಾಗ್ಯಾವು ನೋಡು" ಎಂದರು ಚಿಕ್ಕಪ್ಪ. "ಆನಿ ಕಾಣವಲ್ದು. ಅವಸರಿಲ್ಲ, ದಿನಾ ಒಂದೊಂದ ತಿಕ್ಕಿದರ ಸಾಕು. ಆದರ ಬಲಗೈಲೆ ತಿಕ್ಕು."