ಅತ್ತೆಯ ಕೈಗೆ ಸಿಕ್ಕ ತಲೆಗಳು

ನಮ್ಮ ಅತ್ತೆ ನಿಮ್ಮ ತಲೆ ಸವರಿದರೆ, ಪಾಪ ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡು ಬಗ್ಗಿ ನಿಲ್ಲಬೇಡಿ. ಆಕೆ ಅಳತೆ ತೆಗೆದುಕೊಳ್ಳುತ್ತಿದ್ದಾಳೆ!

ಈಕೆ ನಮ್ಮಪ್ಪನ ತಂಗಿ. ನಾಗಮಂಗಲದಲ್ಲಿ ಮನೆ. ಸೀಮೆ ಹಸು ಎರಡು, ಒಂದಿಷ್ಟು ತೆಂಗು, ಬಾಯಿ ಬಿಡದ ಗಂಡ. ನೋಡಿದರೆ ಎಲ್ಲರ ಮನೆಯ ಅತ್ತೆಯಂತೆಯೇ ಇದ್ದಾಳೆ. ಆದರೆ ಮದುವೆಮನೆಗೆ ಬಂದವರು ಸೀರೆ ನೋಡುತ್ತಾರೆ, ಒಡವೆ ನೋಡುತ್ತಾರೆ, ಊಟದಲ್ಲಿ ಪಲ್ಯ ಎಷ್ಟು ಬಗೆ ಎಂದು ನೋಡುತ್ತಾರೆ ತಾನೇ? ನಮ್ಮ ಅತ್ತೆ ಕೂದಲು ನೋಡುತ್ತಾಳೆ. ಅದೂ ಚಿಕ್ಕ ಹುಡುಗಿಯರದಲ್ಲ. ವಯಸ್ಸಾದವರದ್ದು.

ಕೆ.ಆರ್. ಪೇಟೆಯ ಒಂದು ಮದುವೆಯಲ್ಲಿ ನಾನೇ ಪಕ್ಕದಲ್ಲಿದ್ದೆ. ಎದುರಿನ ಸಾಲಿನಲ್ಲಿ ಹೆಣ್ಣಿನ ಅಜ್ಜಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಇನ್ನೇನು ಬಾಯಿಗಿಡಬೇಕು, ಅತ್ತೆ ಎದ್ದು ಹೋಗಿ ಹಿಂದಿನಿಂದ ಅಜ್ಜಿಯ ತುರುಬಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು.

"ಎಳೆ ಸಣ್ಣ. ಭಾರದ್ದು ಆಕುದ್ರೆ ನೆತ್ತಿಗೆ ಮೆತ್ಕೊಂಡ್ಬುಡ್ತದೆ. ನಿಮ್ಗೆ ಒಂದೇ ತೊಟ್ಟು ಸಾಕು ಕಣಜ್ಜಿ."

ಅಜ್ಜಿ ತಿರುಗಿ ನೋಡಿತು. ಅತ್ತೆಯ ಗುರುತು ಹತ್ತಿತು. ಒಬ್ಬಟ್ಟು ಎಲೆಗೆ ಬಿತ್ತು.

"ಯಾವತ್ತಿಗವ್ವಾ?" ಎಂದಿತು ಅಜ್ಜಿ, ಸಣ್ಣ ದನಿಯಲ್ಲಿ.

"ಅದ್ ನಂಗೆಂಗ್ ಗೊತ್ತಾದದು? ನಾನು ರೆಡಿಯಾಗಿರ್ತೀನಿ, ಅಷ್ಟೆ."

ಈಗ ನಿಮಗೂ ಗೊತ್ತಾಗಿರಬೇಕು. ನಮ್ಮ ಬಳಗದಲ್ಲಿ ಯಾವ ಹೆಂಗಸು ತೀರಿಕೊಂಡರೂ ಸ್ನಾನವಾದ ಮೇಲೆ ತಲೆ ಬಾಚುವವಳು ನಮ್ಮ ಅತ್ತೆ. ಯಾರೂ ವಹಿಸಿದ ಕೆಲಸವಲ್ಲ. ಅವಳ ಅವ್ವ, ಅಂದರೆ ನನ್ನ ಅಜ್ಜಿ, ಆಸ್ಪತ್ರೆಯಿಂದ ಹೆಣವಾಗಿ ಬಂದಾಗ ಕೂದಲೆಲ್ಲ ಸಿಕ್ಕುಗಟ್ಟಿತ್ತಂತೆ. ಅಳುವವರು ಅತ್ತರು, ಎತ್ತುವವರು ಎತ್ತಿದರು. ಬಾಚಬೇಕೆಂದು ಯಾರಿಗೂ ತೋಚಲಿಲ್ಲ. ಆಗ ಎಳೆಯವಳಾಗಿದ್ದ ಅತ್ತೆ ಬಾಚಣಿಗೆ ತಂದರೆ, ಹೊತ್ತಾಯಿತು ಎಂದು ಪಕ್ಕಕ್ಕೆ ಸರಿಸಿದರು. "ಆ ಸಿಕ್ಕು ಈಗ್ಲೂ ನನ್ ಬೆರಳಲ್ಲೈತೆ ಕಣ್ ಮಗ," ಎಂದು ಅತ್ತೆ ಒಮ್ಮೆ ನನಗೆ ಕೈ ಚಾಚಿ ತೋರಿಸಿದ್ದಳು. ನಾನು ನಿಜವಾಗಿಯೂ ನೋಡಿದೆ. ಏನೂ ಇರಲಿಲ್ಲ. ಆದರೆ ಅವಳು ಮಾತ್ರ ಬಹಳ ಹೊತ್ತು ಅದನ್ನು ಬಿಡಿಸುತ್ತಲೇ ಕುಳಿತಿದ್ದಳು.

ಅತ್ತೆಗೆ ಬಹುಕಾಲ ಕೊಬ್ಬರಿ ಎಣ್ಣೆಯೊಂದೇ ಸಾಕಾಗಿತ್ತು. ಕಷ್ಟ ಶುರುವಾದದ್ದು ಊರೂರಿಗೆ ಫ್ರೀಜರ್ ಪೆಟ್ಟಿಗೆ ಬಂದ ಮೇಲೆ. ಕಿಕ್ಕೇರಿಯ ನಮ್ಮ ದೊಡ್ಡಮ್ಮನೊಬ್ಬಳು ತೀರಿಕೊಂಡಾಗ ಮಗಳು ದೂರದಿಂದ ಬರಬೇಕೆಂದು ಹೆಣವನ್ನು ಆ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅತ್ತೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿ, ತುರುಬು ಕಟ್ಟಿ ಆಚೆ ಬಂದು ಕಾಫಿ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ದೊಡ್ಡಮ್ಮನ ತಲೆ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗಿತ್ತು! ಅಷ್ಟೇ ಆಗಿದ್ದರೆ ಸರಿ. ಎಣ್ಣೆ ತಾಗದ ಹಣೆಯ ಮೇಲಿನ ಪುಡಿಗೂದಲು ಒಣಗಿ, ಒಂದೊಂದಾಗಿ ಎದ್ದು ನಿಂತು, ಒಳಗಿನ ಗಾಳಿಗೆ ಮೆಲ್ಲಗೆ ಅಲ್ಲಾಡತೊಡಗಿತು. ಮುಖ ಅಲ್ಲಾಡುತ್ತಿಲ್ಲ, ಕಣ್ಣು ಅಲ್ಲಾಡುತ್ತಿಲ್ಲ, ಕೂದಲು ಮಾತ್ರ ಅಲ್ಲಾಡುತ್ತಿದೆ.

"ಉಸುರಾಡ್ತಾವ್ಳೆ ಕಣ್ರಪ್ಪೋ!" ಎಂದು ಯಾರೋ ಕೂಗಿದರು.

ಒಂದು ಗಳಿಗೆಯಲ್ಲಿ ನಡುಮನೆ ಖಾಲಿ! ಸತ್ತವಳು ಎದ್ದಿದ್ದರೆ ಸಂತೋಷಪಡಬೇಕಾದವರೇ ಎಲ್ಲರಿಗಿಂತ ಮುಂದೆ ಓಡಿದರು. ಬಾಗಿಲಲ್ಲಿ ಇಬ್ಬರು ಭಾವಂದಿರು ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡರು. ಅತ್ತೆ ಒಬ್ಬಳೇ ಒಳಗೆ ಹೋಗಿ, ಮುಚ್ಚಳ ಸರಿಸಿ, ಸೆರಗಿನಿಂದ ಆ ಬಿಳಿ ಎಣ್ಣೆಯನ್ನು ಒರೆಸುತ್ತ, "ಎದ್ರುಕೊಂಬುಟ್ಯಾ ಅಕ್ಕಯ್ಯ? ಏನಾಗಿಲ್ಲ, ಸುಮ್ನಿರು," ಎಂದಳು. ಆಚೆಗೆ ಓಡಿದ ಯಾರನ್ನೋ ಸಮಾಧಾನ ಮಾಡುತ್ತಿದ್ದಾಳೆಂದು ಎಲ್ಲರೂ ತಿಳಿದರು. ನಾನು ಕಿಟಕಿಯ ಹತ್ತಿರ ಇದ್ದೆ. ಅತ್ತೆ ಆ ಮಾತನ್ನು ಹೇಳಿದ್ದು ಪೆಟ್ಟಿಗೆಯೊಳಕ್ಕೆ.

ಅಲ್ಲಿಂದ ಅವಳಿಗೆ ಒಂದೇ ಚಿಂತೆ. ಚಳಿಗೆ ಹೆಪ್ಪುಗಟ್ಟಬಾರದು, ಕೂದಲು ಏಳಬಾರದು, ಹೊಳಪೂ ಇರಬೇಕು. ಅಂಥದ್ದು ಏನಾದರೂ ಇದೆಯೇ? ನಾನು ಶ್ರೀರಂಗಪಟ್ಟಣದ ಒಂದು ಫ್ಯಾನ್ಸಿ ಅಂಗಡಿಗೆ ಕರೆದುಕೊಂಡು ಹೋದೆ. ಅದು ನನ್ನ ಗ್ರಹಚಾರ. ಕೌಂಟರಿನಲ್ಲಿದ್ದ ಹುಡುಗಿ ಬಹಳ ಚುರುಕು. ಸೀರಮ್ಮು, ಕ್ರೀಮು, ಜೆಲ್ಲು ಎಲ್ಲವನ್ನೂ ಸಾಲಾಗಿ ಜೋಡಿಸಿದಳು.

"ಈ ಸೀರಮ್ಮು ಒಳ್ಳೆ ಶೈನ್ ಕೊಡತ್ತೆ ಆಂಟಿ. ಕ್ರೀಮಾದ್ರೆ ಗುಂಗುರು ಕೂದ್ಲಿಗೆ ಬೆಸ್ಟು. ಎರಡೂ ಫ್ರಿಜ್ ಕಂಟ್ರೋಲ್ ಮಾಡತ್ತೆ."

ಕೂದಲು ಕೆದರುವುದಕ್ಕೆ ಈಗಿನವರು ಹಾಗೆ ಹೇಳುತ್ತಾರೆಂದು ಅತ್ತೆಗೇನು ಗೊತ್ತು? ಅವಳ ಮುಖ ಅರಳಿತು.

"ಅಂಗಾರೆ ಫ್ರಿಜ್ಜೊಳಗಿಟ್ರೂ ಏಳಾಕಿಲ್ಲ ಅನ್ನು!"

"ಬಾಟ್ಲು ಫ್ರಿಜ್ಜಲ್ಲಿಡೋದು ಬೇಡ ಆಂಟಿ."

"ಬಾಟ್ಲಲ್ಲ ಕಣವ್ವ. ತಲೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಗಾಜಿನ ಬಳೆಗಳನ್ನು ನೋಡಿದೆ.

"ಬೆವರು ಜಾಸ್ತಿ ಬರತ್ತಾ ಆಂಟಿ?"

"ಬೆವರೇ ಬರಾಕಿಲ್ಲ."

"ಕೂದ್ಲು ಯಾರದು, ನಿಮ್ದೇನಾ? ಆ ಅಕ್ಕಂದಾ?"

"ಈಗ್ಲೇ ಯೋಳಾಕಾಗಲ್ಲ ಕಣವ್ವ. ಇನ್ನೂ ಎಲ್ಲಾರೂ ಚೆನ್ನಾಗವ್ರೆ."

ಹುಡುಗಿಗೆ ಇನ್ನೂ ಹೊಳೆಯಲಿಲ್ಲ. "ಓ, ನೀವು ಪಾರ್ಲರ್ ಇಟ್ಟಿದ್ದೀರಾ! ಕಸ್ಟಮರ್ಸ್ ಏನಂತಾರೆ?"

"ಇಲ್ಲೀಗಂಟ ಯಾರೂ ಒಂದು ಮಾತು ಅಂದಿಲ್ಲ," ಎಂದಳು ಅತ್ತೆ, ಹೆಮ್ಮೆಯಿಂದ. ಆಮೇಲೆ ಯೋಚನೆ ಮಾಡಿ, "ಅಂಗಂತ ಮಾತೇ ಆಡಾಕಿಲ್ಲ ಅಂತಲ್ಲ," ಎಂದು ಸೇರಿಸಿದಳು.

ಎರಡರಲ್ಲಿ ಯಾವುದು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಎರಡನ್ನೂ ಕೊಂಡು, ಪರೀಕ್ಷೆ ಮಾಡಲು ಒಂದು ತಲೆ ಬೇಕೆಂದಳು. ತಲೆ ಯಾರದ್ದು ಎಂದು ಬೇರೆ ಹೇಳಬೇಕೇ?

ಪಾಂಡವಪುರದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿದಳು. "ಮನಿಕ್ಕೋ." ಮಲಗಿದೆ. "ಅಂಗಲ್ಲ, ತಲೆ ಈ ಕಡೀಕೆ." ಹೆಣ ಮಲಗಿಸುವ ಹಾಗೆ ತಲೆ ದಕ್ಷಿಣಕ್ಕೆ ಬಂತು. "ಅತ್ತೆ, ಇದು..." ಎಂದೆ. "ಬೆಳಕು ಚೆನ್ನಾಗೈತೆ ಈ ಕಡೆ," ಎಂದಳು. ಬೈತಲೆಯ ಎಡಕ್ಕೆ ಸೀರಮ್ಮು, ಬಲಕ್ಕೆ ಕ್ರೀಮು. "ಅಲ್ಲಾಡ್ಬ್ಯಾಡ. ಉಸುರು ಒಸಿ ಮೆತ್ತಗೆ ಬುಡು. ಅವ್ರು ಇಷ್ಟು ತೊಂದ್ರೆ ಕೊಡಾಕಿಲ್ಲ ಕಣವ್ವ."

ನಗು ಬರುತ್ತಿತ್ತು. ಆದರೆ ಬಾಚಣಿಗೆ ಓಡತೊಡಗಿದ ಮೇಲೆ ನಗು ಎಲ್ಲಿಗೆ ಹೋಯಿತೋ ತಿಳಿಯದು. ಅಷ್ಟು ಹಗುರವಾದ ಕೈಯನ್ನು ನಾನು ಕಂಡಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೈಕಾಲು ನನ್ನವಲ್ಲ ಅನ್ನಿಸಿತು. ಅತ್ತೆ ಮಾತಾಡುತ್ತಿದ್ದಳು: "ನೋವಾಯ್ತಾ? ಇನ್ನೊಂದೇ ಎಳೆ ಕಣವ್ವ." ಸುಮ್ಮನಾಗುವಳು. ಯಾರೋ ಉತ್ತರ ಕೊಡುವಷ್ಟು ಹೊತ್ತು ಬಿಟ್ಟು, "ಊಂ, ಗೊತ್ತು. ಮಗಳಿಗೆ ಯೋಳ್ತೀನಿ," ಎನ್ನುವಳು. ನಾನು ಬಾಯಿ ಬಿಟ್ಟಿರಲಿಲ್ಲ. ನನಗೆ ಮಗಳೂ ಇಲ್ಲ! ಏಳಬೇಕು ಅಂದುಕೊಂಡೆ. ಏಳಲಾಗಲಿಲ್ಲ. ನನ್ನ ತಲೆಯ ಹತ್ತಿರ ನನ್ನನ್ನು ಬಿಟ್ಟು ಇನ್ನೊಬ್ಬರು ಯಾರೋ ಇದ್ದಾರೆ, ಅವರ ಸರದಿಯಲ್ಲಿ ನಾನು ಸುಮ್ಮನೆ ಮಲಗಿದ್ದೇನೆ ಅನ್ನಿಸಿತು.

ಅದೇ ಹೊತ್ತಿಗೆ ನಮ್ಮ ಯಜಮಾನರು ತರಕಾರಿ ಚೀಲ ಹಿಡಿದು ಒಳಗೆ ಬಂದರು. ಅವರು ಕಂಡದ್ದೇನು? ದಕ್ಷಿಣಕ್ಕೆ ತಲೆ ಹಾಕಿ ನೆಟ್ಟಗೆ ಮಲಗಿರುವ ಹೆಂಡತಿ. ತಲೆಯ ಹತ್ತಿರ ನಾಗಮಂಗಲದ ಅತ್ತೆ. "ಆಯ್ತು ಕಣವ್ವ, ಮುಗೀತು," ಎಂಬ ಮಾತು.

ಟೊಮೇಟೊ ಮನೆಯ ತುಂಬ ಉರುಳಿತು. "ಅಯ್ಯೋ, ಬೆಳಿಗ್ಗೆ ಚೆನ್ನಾಗೇ ಇದ್ಲಲ್ರೀ!"

ನಾನು ಗಾಬರಿಯಿಂದ ಎದ್ದು ಕುಳಿತೆ. ಅವರು ಕಿರುಚಿ ಗೋಡೆಗೆ ಒರಗಿದರು. ಅತ್ತೆ ಮಾತ್ರ ಬಾಚಣಿಗೆ ಎತ್ತಿ ಹಿಡಿದು, "ಸರ್ಯಾಗ್ ಬಂದ್ರಿ ಅಳೀಮಯ್ಯ. ಯಾವ ಕಡೆ ಚೆನ್ನಾಗೈತೆ, ನೋಡ್ಬುಟ್ಟು ಯೋಳಿ," ಎಂದಳು.

ನೆಟ್ಟಗಿನ ಕೂದಲಿಗೆ ಸೀರಮ್ಮು, ಗುಂಗುರಿಗೆ ಕ್ರೀಮು ಎಂದು ಕೊನೆಗೆ ತೀರ್ಮಾನವಾಯಿತು. ಬಳಗದಲ್ಲಿ ಸುದ್ದಿ ಹರಡಿತು. ಅತ್ತೆ ಬಸ್ಸು ಹತ್ತಿದರೆ ಗುರುತಿನ ಹೆಂಗಸರೆಲ್ಲ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಅತ್ತೆಯನ್ನು ಕಂಡರೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವಳು ನನ್ನ ಅಮ್ಮ. ಅಪ್ಪ ಹೋದಮೇಲೆ ಶ್ರೀರಂಗಪಟ್ಟಣದಲ್ಲಿ ನನ್ನ ತಮ್ಮನ ಸಂಸಾರದ ಜೊತೆಗಿದ್ದಳು. ಅಮ್ಮನದು ವಿಚಿತ್ರ ಕೂದಲು. ಹಿಂದೆ ನೆಟ್ಟಗೆ, ಕಿವಿಯ ಹತ್ತಿರ ಗುಂಗುರು, ಹಣೆಯ ಮೇಲೆ ಸದಾ ಹೊಗೆಯಂತೆ ಎದ್ದ ಪುಡಿಗೂದಲು. ಒಂದು ಹಬ್ಬದ ಊಟದಲ್ಲಿ ಅತ್ತೆ ಬಹಳ ಹೊತ್ತು ಅದನ್ನೇ ದಿಟ್ಟಿಸಿ, "ಅತ್ಗೆ, ನಿಮ್ದು ಮಾತ್ರ ನಂಗೆ ಅಂದಾಜೇ ಸಿಕ್ತಿಲ್ಲ," ಎಂದುಬಿಟ್ಟಳು. ಅಮ್ಮ ಎಲೆ ಬಿಟ್ಟು ಎದ್ದಳು. ಆಮೇಲೆ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಅತ್ತೆ ಬಂದರೆ ತಲೆಗೆ ಟವೆಲ್ಲು ಸುತ್ತಿಕೊಂಡು ಕೋಣೆ ಸೇರುವಳು. "ನಾನ್ ಸತ್ರೂ ಅವ್ಳು ನನ್ ಕೂದ್ಲ ಮುಟ್ಟಕೂಡ್ದು, ನೋಡ್ಕೊ," ಎಂದು, ಆಚೆಗಿದ್ದ ಅತ್ತೆಗೂ ಕೇಳುವ ಹಾಗೆ, ನನಗೆ ತಾಕೀತು ಮಾಡಿದ್ದಳು. ಅತ್ತೆಯಾದರೂ ಬಂದಾಗಲೆಲ್ಲ ಮುಚ್ಚಿದ ಆ ಬಾಗಿಲಿನ ಮುಂದೆ ನಿಂತು, "ಅತ್ಗೆ, ಓಗ್ಬತ್ತೀನಿ," ಎಂದು ಹೇಳಿಯೇ ಹೋಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಮ್ಮ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ತಮ್ಮ ನನಗೆ ಫೋನು ಮಾಡಿದ. ನಾನು ಪಾಂಡವಪುರದಿಂದ ಓಡಿಬಂದೆ. ಗೇಟಿನ ಆಚೆ, ಚಪ್ಪಲಿ ಬಿಟ್ಟು, ಚೀಲ ತಬ್ಬಿಕೊಂಡು ಅತ್ತೆ ನಿಂತಿದ್ದಳು.

ಅವಳಿಗೆ ಯಾರೂ ಇನ್ನೂ ಹೇಳಿರಲಿಲ್ಲ.

"ಯಾರ್ ಫೋನ್ ಮಾಡಿದ್ರು ಅತ್ತೆ?"

"ಯಾರೂ ಇಲ್ಲ ಕಣ್ ಮಗ. ಕೊಟ್ಟಿಗೇಲಿ ಆಲು ಕರೀತಿದ್ದೆ. ಕೈ ತಣ್ಣಗಾಗೋಯ್ತು. ಬಸ್ಸತ್ತುದೆ."

ನಾಗಮಂಗಲದಿಂದ ಬಸ್ಸು ಬರಲು ಬೇಕಾದ ಹೊತ್ತನ್ನು ನಾನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದೆ. ಅಮ್ಮ ಕಾಫಿ ಕೇಳುವುದಕ್ಕೂ ಮುಂಚೆಯೇ ಅತ್ತೆ ಹೊರಟಿದ್ದಳು.

"ಅತ್ಗೆ ಬ್ಯಾಡ ಅಂದಿದ್ರಲ್ಲ. ನಾನ್ ಇಲ್ಲೇ ಇರ್ತೀನಿ, ಒಳೀಕ್ ಬರಾಕಿಲ್ಲ," ಎಂದಳು. ನನ್ನನ್ನು ನೋಡಲಿಲ್ಲ. ಗೇಟಿನ ಸರಳನ್ನು ನೋಡುತ್ತಿದ್ದಳು. ಅಮ್ಮನ ತಾಕೀತು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಅವಳ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಆ ಕೈ ನಿಜವಾಗಿಯೂ ತಣ್ಣಗಿತ್ತು.

ಅಮ್ಮನಿಗೆ ಸ್ನಾನ ಮಾಡಿಸಿ ಚಾಪೆಯ ಮೇಲೆ ಮಲಗಿಸಿದರು. ಒಣ ಚಳಿಗೆ ಕೂದಲು ಬೇಗ ಆರಿ ಎಂದಿನಂತೆ ಕೆದರಿತ್ತು. ಅತ್ತೆ ತಲೆಯ ಹತ್ತಿರ ಕುಳಿತು ಎರಡೂ ಬಾಟಲು ತೆಗೆದಿಟ್ಟಳು. ಸೀರಮ್ಮು ಎತ್ತಿಕೊಂಡಳು, ಇಟ್ಟಳು. ಕ್ರೀಮು ಎತ್ತಿಕೊಂಡಳು, ಇಟ್ಟಳು. ಬಳಗದ ತಲೆಗಳನ್ನೆಲ್ಲ ಕಣ್ಣಲ್ಲೇ ಅಳೆದವಳು ನನ್ನ ಕಡೆ ತಿರುಗಿ, "ಯಾವ್ದು ಮಗ?" ಎಂದಳು.

ಸರಿ, ಮೊದಲು ಬಾಚೋಣವೆಂದು ಪ್ಲಾಸ್ಟಿಕ್ ಬಾಚಣಿಗೆಯನ್ನು ಹಣೆಯಿಂದ ಹಿಂದಕ್ಕೆ ಒಮ್ಮೆ ಎಳೆದಳು. ಬಾಚಣಿಗೆ ಎತ್ತಿದಂತೆ ಅಮ್ಮನ ಪುಡಿಗೂದಲೂ ಅದರ ಹಿಂದೆಯೇ ಮೇಲಕ್ಕೆದ್ದಿತು. ಸುತ್ತ ಕುಳಿತಿದ್ದ ಹೆಂಗಸರು ಹಿಂದಕ್ಕೆ ಸರಿದರು. ಒಣ ಹವೆಗೆ, ಪ್ಲಾಸ್ಟಿಕ್ಕಿನ ತಿಕ್ಕಾಟಕ್ಕೆ ಹಾಗಾಗುತ್ತದೆ, ನನಗೆ ತಿಳಿಯದ್ದೇನಲ್ಲ. ಆದರೂ ನಾನೂ ಸರಿದೆ. ಅತ್ತೆ ಬಾಚಣಿಗೆ ಕೆಳಗಿಟ್ಟು ಬರಿಗೈ ಒಡ್ಡಿದಳು. ಕೂದಲು ನಿಧಾನವಾಗಿ ಎದ್ದು, ಬಾಗಿ, ಅವಳ ಅಂಗೈಗೆ ತಾಗಿಕೊಂಡಿತು.

ಹೆಣದ ಮನೆಯಲ್ಲಿ ಅತ್ತೆ ಅತ್ತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

"ಮಾತಾಡಿಸಿದ್ರು ನೋಡವ್ವ," ಎಂದಳು. ಇನ್ನೊಂದು ಕೈಯಿಂದ ಬಾಟಲುಗಳನ್ನು ಚೀಲಕ್ಕೆ ಸೇರಿಸಿದಳು. "ಇಂಗೇ ಇರ್ಲಿ. ಅತ್ಗೆ ಇದ್ದಿದ್ದೇ ಇಂಗೆ."

ಅಮ್ಮನನ್ನು ಎತ್ತುವವರೆಗೂ ಅವಳು ಆ ಅಂಗೈಯನ್ನು ಸರಿಸಲಿಲ್ಲ.