ಪೆನಿಸಿಲಿನ್ ನನಗೆ ಆಗಿಬರುತ್ತದೋ ಇಲ್ಲವೋ

ಆಂಟಿಬಯಾಟಿಕ್ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಕೇಳಿದಾಗಲೆಲ್ಲ ಏನಾದರೊಂದು ಆಗುತ್ತದೆ. ಬೀದರಿನ ಒಂದು ಔಷಧದ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ದಿನವಿಡೀ ನಾನು ಆಡುವ ಮಾತೆಂದರೆ ಹೆಚ್ಚಾಗಿ ಈ ಪ್ರಶ್ನೆಗಳೇ. ಅಂಗಡಿ ಮುಚ್ಚಿ ಬಾಡಿಗೆ ಕೋಣೆಗೆ ಹೋದರೆ ಅಲ್ಲಿ ಕೇಳಲು ಯಾರೂ ಇಲ್ಲ.

ಹೆಂಡತಿಯ ಪರವಾಗಿ

ಊರಂಚಿನ ಕೊಳಾರದ ಕಾರ್ಖಾನೆಯಿಂದ ಸಮವಸ್ತ್ರದಲ್ಲೇ ಬಂದವರೊಬ್ಬರು ಚೀಟಿ ಚಾಚಿದರು.

"ಮೊದಲು ಯಾವುದಾದ್ರೂ ಗುಳಿಗಿ ತಗೊಂಡು ಮೈಮ್ಯಾಲ ತುರಿಕಿ ಗಂಧಿ ಎದ್ದಿದ್ದವೇನ್ರಿ?"

"ನನಗ ಏನೂ ಆಗಿಲ್ರಿ."

"ಗುಳಿಗಿ ಯಾರಿಗೆ?"

"ನಮ್ಮ ಮನಿಯಾಕಿಗಿ."

"ಅವರಿಗೆ ಆಗಿತ್ತೇನು? ಬಸುರಿ ಅದಾರೇನು? ಬ್ಯಾರೆ ಔಷಧಿ ನಡದದೇನು?"

ಅವರು ನಂಬರ್ ತೆಗೆದು ಮುಂದೆ ಹಿಡಿದರು. "ನೀವೇ ಫೋನ್ ಹಚ್ಚಿ ಕೇಳ್ರಿ. ನಾವಿಬ್ರೂ ಮಾತು ಬಿಟ್ಟೀವಿ."

ಫೋನ್ ಮಾಡಿದೆ. ಆಕೆ ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟರು. ಕೊನೆಗೆ ದನಿ ತಗ್ಗಿಸಿ, "ಅವ್ರು ಅಲ್ಲೇ ನಿಂತಾರೇನ್ರಿ? ಬರ್ತಾ ಹಾಲು ತರ್ಲಿಕ್ಕೆ ಹೇಳ್ರಿ. ನಾ ಹೇಳ್ದೆ ಅನಬ್ಯಾಡ್ರಿ" ಎಂದರು.

ಹೇಳಿದೆ. ಅವರು ನಗು ತಡೆದುಕೊಂಡು ಚೀಟಿಯನ್ನು ನನ್ನ ಕಡೆ ತಿರುಗಿಸಿದರು. "ಹಾಲು ಎಲ್ಲಿ ಬರದಾರ ತೋರಸ್ರಿ."

ನನ್ನ ಸರದಿ

ಮರುವಾರ ನನ್ನ ದವಡೆ ಹಲ್ಲಿನ ಬುಡ ಊದಿ ಕೀವು ತುಂಬಿತು. ಹಲ್ಲಿನ ವೈದ್ಯರು ನನ್ನ ಪ್ರಶ್ನೆಗಳನ್ನೇ ನನಗೆ ಕೇಳಿದರು.

"ಪೆನಿಸಿಲಿನ್ ಆಗಿಬರ್ತದೇನು?"

"ಗೊತ್ತಿಲ್ರಿ. ಸಣ್ಣಾಕಿ ಇದ್ದಾಗ ದವಾಖಾನಿಯಾಗ ಸೂಜಿ ಹಿಡದಿದ್ದು, ಮುಖ ಊದಿದ್ದು ನೆನಪದ."

"ಯಾವ ಸೂಜಿ?"

"ಗೊತ್ತಿಲ್ರಿ."

"ಮನ್ಯಾಗ ಯಾರಿಗರೆ ನೆನಪದೇನು?"

ಅಪ್ಪ ಅವ್ವ ಇಬ್ಬರೂ ಇಲ್ಲ ಎಂದೆ. ಅವರು ಬೇರೆ ಗುಂಪಿನ ಗುಳಿಗೆ ಬರೆದರು. "ಸೋಮವಾರ ಬರ್ರಿ, ಕೀವು ತೆಗೀತೇನಿ. ಅಷ್ಟರಾಗ ತಿಳಕೋರಿ. ಒಂದಿನ ನಿಮಗ ಮಾತಾಡ್ಲಿಕ್ಕೆ ಬರದಂಥ ಹೊತ್ತು ಬಂದ್ರ, ನಿಮ್ಮ ಪರವಾಗಿ ನಾವು ಯಾರಿಗೆ ಕೇಳಬೇಕು?"

ಈ ಪ್ರಶ್ನೆ ನನ್ನ ನಾಲ್ಕರಲ್ಲಿ ಇರಲಿಲ್ಲ.

ಹೊರಗೆ ಬೆಂಚಿನ ಮೇಲಿದ್ದ ಅಜ್ಜ ಎಲ್ಲ ಕೇಳಿಸಿಕೊಂಡಿದ್ದರು. "ಚಿಂತಿ ಮಾಡಬ್ಯಾಡವ್ವ. ನಾ ಎಲ್ಲಾದಕ್ಕೂ ಇಲ್ಲ ಅಂತೇನಿ. ಲಗೂ ಬಿಡ್ತಾರ."

ಭಾಲ್ಕಿಯ ಡಬ್ಬಿ

ಭಾನುವಾರ ಬೆಳಿಗ್ಗೆ ಭಾಲ್ಕಿಗೆ ಹೋದೆ. ಅಲ್ಲಿ ಅವ್ವನ ಅಕ್ಕ ಇದ್ದಾಳೆ. ನನ್ನ ಊದಿದ ದವಡೆ ನೋಡಿದವಳೇ ದೊಡ್ಡವ್ವ ಬಿಸ್ಕೀಟಿನ ಡಬ್ಬಿಯೊಂದನ್ನು ತಂದು ಮುಂದೆ ಸುರಿದಳು. ಅದರ ತುಂಬ ಅರ್ಧರ್ಧ ಉಳಿದ ಗುಳಿಗೆಗಳು.

ನಾನು ಸಣ್ಣವಳಿದ್ದಾಗ ಮುಖ ಊದಿದ ವಿಷಯ ಕೇಳಿದೆ.

"ನನಗ ಹ್ಯಾಂಗ ಗೊತ್ತು? ನೀವಾಗ ಔರಾದದಾಗ ಇದ್ರಿ. ಬಾಜೂ ಮನಿ ಖಾಲಾ ನಿನ್ನ ನೋಡ್ಕೊಂತಿದ್ಲು. ಆಕಿಗಿ ಕೇಳು." ಒಂದು ಗುಳಿಗೆ ಪಟ್ಟಿ ಆರಿಸಿ ನನ್ನ ಕೈಗಿಟ್ಟಳು. "ಇದು ತಗೋ. ಹಲ್ಲಿಗೂ ನಡೀತದ, ಕಿವಿಗೂ ನಡೀತದ."

ನೋಡಿದೆ. ಆಂಟಿಬಯಾಟಿಕ್. "ಇದು ಯಾರಿಗೆ ಬರದದ್ದು?"

"ನಿಮ್ಮ ದೊಡ್ಡಪ್ಪಗ."

"ಪೂರಾ ಯಾಕ ತಗೊಂಡಿಲ್ಲ? ಡಾಕ್ಟರ್ ಹೇಳಿದಷ್ಟು ದಿನ ತಗೋಬೇಕು."

ದೊಡ್ಡವ್ವ ನನ್ನನ್ನು ಕನಿಕರದಿಂದ ನೋಡಿದಳು. "ಎಲ್ಲಾ ಅವ್ನೇ ನುಂಗಿದ್ರ ಓಣಿಯವ್ರಿಗೆ ನಾ ಏನು ಕೊಡ್ಲಿ?"

ಹುಟ್ಟಿದ ಮನೆ

ಅಲ್ಲಿಂದಲೇ ಔರಾದದ ಬಸ್ ಹತ್ತಿದೆ. ನಾವಿದ್ದ ಮನೆ ಈಗ ಮೊಬೈಲ್ ಅಂಗಡಿ. ಚಿಕ್ಕಮ್ಮನಂತೆ ಖಾಲಾ ಎಂದು ನಾನು ಕರೆಯುತ್ತಿದ್ದ ಪಕ್ಕದ ಮನೆಯಾಕೆಯ ಬಾಗಿಲಿಗೆ ಬೀಗ.

"ಖಾಲಾ ಸಂತಪುರಕ್ಕ ಶಾದಿಗೆ ಹೋಗ್ಯಾರ್ರಿ. ನೀವು ಯಾರು?" ಎಂದ ಅಂಗಡಿಯವ.

"ನಾ ಇದೇ ಮನ್ಯಾಗ ಹುಟ್ಟಿದಾಕಿ."

ಅವನು ಅಂಗಡಿಯನ್ನು ಒಮ್ಮೆ ಸುತ್ತ ನೋಡಿದ. "ಎಲ್ಲಿ? ಚಾರ್ಜರ್ ಕಡೆಯೋ, ಕವರ್ ಕಡೆಯೋ?"

ಕವರುಗಳು ನೇತಾಡುತ್ತಿದ್ದ ಮೂಲೆಯಲ್ಲಿ ಅವ್ವನ ಒಲೆ ಇತ್ತು. ಹಾಗಂತ ಹೇಳಿದೆ. ಅವನು ಖಾಲಾಳ ನಂಬರ್ ಕೊಟ್ಟ. ಹಚ್ಚಿದೆ, ಎತ್ತಲಿಲ್ಲ. "ಶಾದಿ ಮನ್ಯಾಗ ಯಾರು ಎತ್ತಾರ್ರಿ? ಬಿರಿಯಾನಿ ಮುಗಿಲಿ" ಎಂದ. ನಾನು ಯಾರು, ಏನು ಬೇಕು ಎಂದು ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿದೆ.

ಬೇರೆ ಕೆಲಸ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತೆ. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಎಂದು ಒಂದು ಕವರ್ ಕೊಂಡೆ. ಬಸ್ಸಿನಲ್ಲಿ ಹಾಕಿ ನೋಡಿದರೆ ಅದು ಬೇರೆ ಫೋನಿನದು.

ಕುರ್ಚಿಯ ಮೇಲೆ

ಸೋಮವಾರ. ಮರಗಟ್ಟಿಸುವ ಸೂಜಿ ಚುಚ್ಚಿ, ಬಾಯಿ ಅಗಲಿಸಿ, ವೈದ್ಯರು ಹತ್ತಿ ಒತ್ತಿ ಹಿಡಿದಿದ್ದರು. ಆಗ ನನ್ನ ಫೋನ್ ಬಡಿದುಕೊಂಡಿತು. "ಖಾಲಾ ಅಂತ ಬರ್ಲತ್ತದ" ಎಂದರು ನರ್ಸ್. ನಾನು 'ಎತ್ತಿ' ಎಂದು ಕಣ್ಣಲ್ಲೇ ಹೇಳಿದೆ. ಅವರು ಸ್ಪೀಕರ್ ಹಾಕಿದರು.

"ಬೇಟಾ! ನಿನ್ನ ಆವಾಜ್ ಕೇಳಿ ಎಷ್ಟು ವರ್ಷ ಆತು! ಹ್ಯಾಂಗಿದ್ದಿ? ಊಟ ಮಾಡಿದೇನು?"

ಊಟಕ್ಕೆ ಮೊದಲೋ, ಆಮೇಲೋ ಎಂದು ಊರಿಗೆಲ್ಲ ಹೇಳುವವಳು ನಾನು. ನನ್ನ ಊಟ ಕೇಳಿದವರಿಗೆ ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ನೋವಾಯಿತೇನೋ ಎಂದು ವೈದ್ಯರು ಕೈ ಸಡಿಲಿಸಿದರು.

"ನಾನು ಡಾಕ್ಟರ್ ರಿ. ಈಕಿಗೆ ಈಗ ಮಾತಾಡ್ಲಿಕ್ಕೆ ಬರಂಗಿಲ್ಲ. ಸಣ್ಣಾಕಿ ಇದ್ದಾಗ ಸೂಜಿ ಹಾಕಿದ ಮ್ಯಾಲ ಮುಖ ಊದಿತ್ತೇನು?"

"ಸೂಜಿ ಎಲ್ಲಿ ಹಾಕಿಸ್ಕೊಂಡಾಳ ಸಾಬ್? ನಾನೇ ತೊಡಿ ಮ್ಯಾಲ ಕೂಡ್ಸ್ಕೊಂಡಿದ್ದೆ. ಅತ್ತು ಅತ್ತು ಮುಖ ಊದಿಸ್ಕೊಂಡ್ಲು. ಸೂಜಿ ಹಂಗೇ ವಾಪಸ್ ಹೋತು."

"ಹಂಗಾದ್ರ ಔಷಧಿಗೆ ಊದಿದ್ದಲ್ಲ. ಆದ್ರೂ ಪರೀಕ್ಷಿ ಮಾಡ್ಲಾರ್ದೆ ಪೆನಿಸಿಲಿನ್ ಕೊಡಂಗಿಲ್ಲ. ನಿಮ್ಮ ನಂಬರ್ ಈಕಿ ಹೆಸರಿನ ಮುಂದ ಬರ್ಕೋತೇನಿ. ಏನಾದ್ರೂ ಆದ್ರ ಕೇಳ್ಲಿಕ್ಕೆ."

"ಬರ್ಕೋರಿ. ಈಕಿದು ಏನಿದ್ರೂ ನನಗೇ ಕೇಳ್ರಿ." ಖಾಲಾ ಉಸಿರು ತೆಗೆದುಕೊಂಡಳು. "ಖರೆ ಊದಿದ್ದು ಕಂಪೌಂಡರ್ ಕೈ, ಸಾಬ್. ಕಚ್ಚಿ ಹಿಡದಾಕಿ ಬಿಡ್ಲೇ ಇಲ್ಲ. ಕಡೀಕ ಕಚ್ಚಿದ್ದಕ್ಕ ಸೂಜಿ ಅವ್ನೇ ಹಾಕಿಸ್ಕೊಂಡ. ನೀವು ಯಾತರ ಡಾಕ್ಟರ್?"

"ಹಲ್ಲಿನ ಡಾಕ್ಟರ್ ರಿ."

ಖಾಲಾ ಬಹಳ ಮೆಲ್ಲಗೆ ಕೇಳಿದಳು: "ಸಾಬ್, ಈಗ ನಿಮ್ಮ ಕೈ ಎಲ್ಲದ?"