ಸ್ಕ್ರೀನ್ ಕೆಟ್ಟುಹೋಗಿದೆ, ಬೇಗ ಬನ್ನಿ ಅಕ್ಕಾ

ಕಂಪ್ಯೂಟರ್ ರಿಪೇರಿ ಮಾಡುವವಳು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಫೋನ್ ಎತ್ತಿದರೆ ಸಾಕು, ಅದೇ ಮನೆಗೆ ಬರುತ್ತದೆ. ಕೊಯಮತ್ತೂರಿನಿಂದ ತಿರುಪ್ಪೂರಿನವರೆಗೆ ನನ್ನ ಸ್ಕೂಟರ್ ನುಗ್ಗದ ಬೀದಿಯಿಲ್ಲ. ಮನೆಯಲ್ಲಿ ನಮ್ಮದು ಕನ್ನಡ, ಅದರಲ್ಲೂ ಅರ್ಧ ತಮಿಳು. ಬೀದಿಗೆ ಇಳಿದರೆ ಪೂರ್ತಿ ತಮಿಳು. ಯಾವ ಭಾಷೆಯಲ್ಲೇ ಆಗಲಿ, ಗಿರಾಕಿಗಳ ಮೊದಲ ಮಾತು ಮಾತ್ರ ಒಂದೇ: "ನಾವು ಏನೂ ಮಾಡ್ಲಿಲ್ಲ ಅಕ್ಕಾ, ಅದಾಗಿ ಅದೇ ಹೀಗಾಯ್ತು." ಈ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ತಿಳಿದುಬಿಡುತ್ತದೆ, ಅಲ್ಲಿ ಯಾರೋ ಏನೋ ಘನಂದಾರಿ ಕೆಲಸ ಮಾಡಿ ಕೈ ಒರೆಸಿಕೊಂಡು ನಿಂತಿದ್ದಾರೆ ಅಂತ.

ಬೇರಿಂಗ್ ಹಾಕಿದ ಮಾನಿಟರ್

ಕೊಯಮತ್ತೂರಿನಲ್ಲಿ ಗಣಪತಿ ಅಂತ ಒಂದು ಬಡಾವಣೆ, ಅಲ್ಲಿಯ ಪಂಪ್ ವರ್ಕ್‌ಶಾಪಿನ ಮಾಲೀಕರು ಫೋನ್ ಮಾಡಿದರು. ಹೊಸದಾಗಿ ಹಾಕಿಸಿದ ಬಿಲ್ಲಿಂಗ್ ಸಾಫ್ಟ್‌ವೇರ್ ಅರ್ಧವೇ ಕಾಣಿಸುತ್ತದಂತೆ. ಬಲಗಡೆಯದೆಲ್ಲ ಸ್ಕ್ರೀನಿನ ಆಚೆಗೆ ಹೋಗಿದೆಯಂತೆ.

ಹೋಗಿ ನೋಡುತ್ತೇನೆ, ಮಾನಿಟರ್ ಪಕ್ಕಕ್ಕೆ ತಿರುಗಿ ಉದ್ದಕ್ಕೆ ನಿಂತಿದೆ. ಅದರ ಬೆನ್ನಿಗೆ ಕಬ್ಬಿಣದ ಸ್ಟ್ಯಾಂಡು, ವೆಲ್ಡಿಂಗ್ ಅಚ್ಚುಕಟ್ಟು, ಪಂಪಿಗೆ ಬಳಿಯುವ ನೀಲಿ ಬಣ್ಣವನ್ನೇ ಅದಕ್ಕೂ ಬಳಿದಿದ್ದಾರೆ.

"ಇದೇನಣ್ಣಾ?" ಅಂದೆ.

"ಹೋದ ವಾರ ಇದ್ದಕ್ಕಿದ್ದ ಹಾಗೆ ಚಿತ್ರ ಅಡ್ಡ ಮಲಗಿಬಿಡ್ತು ಅಕ್ಕಾ. ಕತ್ತು ವಾಲಿಸಿ ಎಷ್ಟೂಂತ ನೋಡೋದು? ಅದಕ್ಕೇ ಮಾನಿಟರನ್ನೇ ತಿರುಗಿಸಿದೆವು. ಒಳಗೆ ಬೇರಿಂಗ್ ಇದೆ, ನೋಡಿ" ಎಂದು ಒಂದೇ ಬೆರಳಿನಿಂದ ಮಾನಿಟರನ್ನು ಸುತ್ತಿಸಿ ತೋರಿಸಿದರು. ಒಂದಿಷ್ಟೂ ಸದ್ದಿಲ್ಲ. ನಮ್ಮ ಮನೆಯ ಫ್ಯಾನಿಗಿಂತ ನಯವಾಗಿ ತಿರುಗಿತು.

ಕೀಬೋರ್ಡಿನಲ್ಲಿ ಯಾರದೋ ಕೈ ತಗಲಿ ಎರಡು ಮೂರು ಕೀಲಿ ಒಟ್ಟಿಗೆ ಒತ್ತಿಹೋದರೆ ಚಿತ್ರ ಹಾಗೆ ಮಲಗುವುದುಂಟು. ಬೇರೆ ಯಾರಾದರೂ ಆಗಿದ್ದರೆ ಆಗಲೇ ನನಗೆ ಫೋನ್ ಮಾಡುತ್ತಿದ್ದರು. ಆದರೆ ಇವರು ಗಣಪತಿಯವರು. ಕಬ್ಬಿಣ ಕಡೆಯುವ ಲೇತಿನಲ್ಲಿ ಪರಿಹಾರವಾಗದ ಕಷ್ಟ ಈ ಲೋಕದಲ್ಲಿದೆ ಎಂದು ಬ್ರಹ್ಮ ಬಂದು ಹೇಳಿದರೂ ನಂಬುವ ಜನವಲ್ಲ.

ನಾನು ಅಂಥವೇ ಕೀಲಿಗಳನ್ನು ಒತ್ತಿ ಚಿತ್ರವನ್ನು ಎಬ್ಬಿಸಿ ಕೂರಿಸಿದೆ. "ಈಗ ಮಾನಿಟರನ್ನು ಮೊದಲಿನ ಹಾಗೆ ತಿರುಗಿಸಿ ಅಣ್ಣಾ."

ಅವರು ಬೆರಳಿಂದ ಒಮ್ಮೆ ತಳ್ಳಿದರು. ಮಾನಿಟರ್ ಸುಯ್ಯನೆ ನೇರವಾಯಿತು, ಬಿಲ್ಲಿಂಗ್ ಪೂರ್ತಿ ಕಾಣಿಸಿತು. ಅವರ ಮುಖ ಅರಳಿತು. ಸುತ್ತ ನಿಂತಿದ್ದ ಕೆಲಸಗಾರರಿಗೆಲ್ಲ ಕೇಳುವ ಹಾಗೆ ಹೇಳಿದರು:

"ನೋಡಿದ್ರಾ ಅಕ್ಕಾ, ನಾವು ಬೇರಿಂಗ್ ಹಾಕಿದ್ದಕ್ಕೆ ನಿಮ್ಮ ಕೆಲಸ ಎಷ್ಟು ಸುಲಭ ಆಯ್ತು!"

ಅಳಿಸಬಾರದ ಚುಕ್ಕೆ

ಕಿಣತ್ತುಕಡವಿನಲ್ಲಿ ಒಂದು ತೆಂಗಿನಕಾಯಿ ಮಂಡಿ. "ಸ್ಕ್ರೀನಿನ ನಡುವೆ ಒಂದು ಜಾಗ ಸತ್ತುಹೋಗಿದೆ. ಯಾವ ಬಿಲ್ ತೆಗೆದರೂ ಅಲ್ಲಿರೋ ಅಂಕಿ ಕಾಣಿಸಲ್ಲ" ಎಂದು ಅಲ್ಲಿಯ ಮಾಲೀಕರು ಫೋನ್ ಮಾಡಿದರು. ಆಫ್ ಮಾಡಿ ಆನ್ ಮಾಡಿ ಅಂದೆ, ಮಾಡಿದರು. ಅಕ್ಷರದ ಗಾತ್ರ ಬದಲಿಸಿ ಅಂದೆ, ಬದಲಿಸಿದರು. ಡಿಸ್‌ಪ್ಲೇ ಡ್ರೈವರನ್ನು ತೆಗೆದು ಮತ್ತೆ ಹಾಕಿಸಿದೆ. ಏನು ಮಾಡಿದರೂ ಆ ಜಾಗ ಮಾತ್ರ ಬದುಕಲೊಲ್ಲದು. ಮಾನಿಟರೇ ಹೋಗಿರಬೇಕು ಅಂದುಕೊಂಡು, ಇನ್ನೊಂದನ್ನು ಸ್ಕೂಟರಿಗೆ ಕಟ್ಟಿಕೊಂಡು, ಬಿಸಿಲಲ್ಲಿ ಬೇಯುತ್ತಾ ಅಷ್ಟು ದೂರ ಹೋದೆ.

ಆಯುಧ ಪೂಜೆ ಆಗಿ ಕೆಲವು ದಿನವಾಗಿತ್ತು. ತಕ್ಕಡಿಗೆ, ಲಾರಿಗೆ, ಕಾಯಿ ಸುಲಿಯುವ ಕಬ್ಬಿಣಕ್ಕೆ ಇಟ್ಟ ಹಾಗೆ ಮಾನಿಟರಿಗೂ ಇಟ್ಟಿದ್ದರು. ಗಾಜಿನ ಸರಿಯಾದ ನಡುಮಧ್ಯೆ ಗಂಧ, ಅದರ ಮೇಲೆ ಕುಂಕುಮ, ಅಂಗೈಯಲ್ಲಿ ಅರ್ಧದಷ್ಟು!

ನನಗೆ ಸಿಟ್ಟು ನೆತ್ತಿಗೇರಿತು. ಚೀಲದಿಂದ ಒರೆಸುವ ಬಟ್ಟೆ ತೆಗೆದೆ. ಮಾಲೀಕರು ಹೌಹಾರಿ ಅಡ್ಡ ಬಂದರು. "ಅಯ್ಯಯ್ಯೋ, ಅಮ್ಮ ಇಟ್ಟ ಬೊಟ್ಟು ಅಕ್ಕಾ! ಅದಾಗಿ ಉದುರೋ ತನಕ ಅಳಿಸೋ ಹಾಗಿಲ್ಲ."

"ಬೊಟ್ಟು ಅಂತ ಗೊತ್ತಿದ್ದೂ ನನ್ನನ್ನು ಯಾಕೆ ಕರೆಸಿದಿರಿ?"

"ಬೊಟ್ಟು ಇದ್ದಲ್ಲೇ ಇರಲಿ ಅಕ್ಕಾ" ಅಂದರು ಬಹಳ ವಿನಯದಿಂದ. "ಕೆಳಗಿರೋ ಬಿಲ್ಲನ್ನ ಕೊಂಚ ಎಡಕ್ಕೆ ಸರಿಸಿಕೊಡಿ."

ಸರಿಸಿಕೊಟ್ಟೆ. ಇನ್ನೇನು ಮಾಡಲಿ? ಮರುವರ್ಷ ಪೂಜೆಯ ಹಿಂದಿನ ದಿನ ಮತ್ತೆ ಫೋನ್: "ಅಕ್ಕಾ, ಬೊಟ್ಟಿಗೆ ಖಾಲಿ ಜಾಗ ಯಾವುದು ಅಂತ ಅಮ್ಮ ಕೇಳ್ತಿದ್ದಾರೆ."

'ನೋ' ಅನ್ನದ ಅಮ್ಮ

ತಿರುಪ್ಪೂರಿನ ಒಂದು ಬನಿಯನ್ ಕಂಪನಿ. ಮಾಲೀಕರು ನಮ್ಮವರೇ, ಮನೆಯಲ್ಲಿ ಕನ್ನಡ. ಹೊಸ ಸಾಫ್ಟ್‌ವೇರ್ ಹಾಕುವ ದಿನ ನಲ್ಲ ನೇರ, ಅಂದರೆ ಒಳ್ಳೆಯ ಗಳಿಗೆ ನೋಡಿಸಿ, ಮೊದಲ ಬಟನ್ ತಮ್ಮ ತಾಯಿಯೇ ಒತ್ತಬೇಕು ಎಂದು ಕುರ್ಚಿ ಹಾಕಿ ಕೂರಿಸಿದ್ದರು. ಆ ತಾಯಿ ಮೌಸನ್ನು ಕಣ್ಣಿಗೊತ್ತಿಕೊಂಡು ಶುರು ಮಾಡಿದರು.

ಕಂಪ್ಯೂಟರ್ ಅನುಮತಿ ಕೇಳಿತು. 'ಯೆಸ್' ಒತ್ತಿದರು. ಷರತ್ತಿಗೆ ಒಪ್ಪಿಗೆಯೇ ಅಂದಿತು. ಮತ್ತೆ 'ಯೆಸ್'. "ಪ್ರತಿಯೊಂದನ್ನೂ ಕೇಳಿಕೊಂಡೇ ಮಾಡ್ತದೆ. ಈ ಕಾಲದ ಮಕ್ಕಳಿಗಿಂತ ವಾಸಿ" ಎಂದು ಮಗನ ಕಡೆ ನೋಡಿದರು. ಅಷ್ಟರಲ್ಲಿ ಕೈ ಜಾರಿ 'ಕ್ಯಾನ್ಸಲ್' ಮೇಲೆ ಒತ್ತಿಹೋಯಿತು. ಇನ್‌ಸ್ಟಾಲ್ ಮಾಡುವುದನ್ನು ನಿಲ್ಲಿಸಿಬಿಡಲೇ ಎಂದು ಕಂಪ್ಯೂಟರ್ ಕೇಳಿತು.

"ಅಮ್ಮಾ, ಇದಕ್ಕೆ ಮಾತ್ರ 'ನೋ' ಒತ್ತಿ" ಅಂದೆ.

ಅವರು ಬಿಸಿ ತಾಗಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು. "ನಲ್ಲ ಕಾರ್ಯದಲ್ಲಿ ಯಾರಾದರೂ ಇಲ್ಲ ಅಂತಾರಾ ನನ್ನ ಕಣ್ಣೇ? ಮನೆಯಿಂದ ಹೊರಡುವಾಗಲೇ ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅಂತೀವಿ." ಹೀಗೆ ಹೇಳಿ, ದೇವರ ಮೇಲೆ ಭಾರ ಹಾಕಿ, 'ಯೆಸ್' ಒತ್ತಿಯೇಬಿಟ್ಟರು. ಅಷ್ಟು ಹೊತ್ತು ಹಾಕಿದ್ದೆಲ್ಲ ಅಳಿಸಿಹೋಯಿತು.

ಎರಡನೆಯ ಸಲವೂ ಇದೇ ಕಥೆ. ಮಗ ತಲೆಯ ಮೇಲೆ ಕೈ ಹೊತ್ತು ಕೂತರು. ಗಳಿಗೆ ಮುಗಿಯುತ್ತಾ ಬಂದಿತ್ತು. ಮೂರನೆಯ ಸಲ ನಾನು ಮೌಸನ್ನು ಮೆಲ್ಲಗೆ ಕಿತ್ತು ಪಕ್ಕಕ್ಕಿಟ್ಟು, "ಅಮ್ಮಾ, ಈ ಎಂಟರ್ ಒಂದನ್ನೇ ಒತ್ತಿ. ಇದಕ್ಕೆ ಹೌದು, ಇಲ್ಲ ಎರಡೂ ಗೊತ್ತಿಲ್ಲ" ಅಂದೆ. ಅದು ಅವರಿಗೆ ಒಪ್ಪಿಗೆಯಾಯಿತು. ಸಾಫ್ಟ್‌ವೇರ್ ಕೂತಿತು.

ಖುಷಿಯಲ್ಲಿ ಅವರೇ ಕಾಫಿ, ಕೇಸರಿಬಾತು, ಬೋಂಡ ತಂದಿಟ್ಟರು. ತಿಂದೆ. ಇನ್ನೊಂದು ತಟ್ಟೆ ಬಂತು. "ಸಾಕಮ್ಮಾ, ಬೇಡ" ಅನ್ನಲು ಬಾಯಿ ತೆರೆದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ಅರ್ಥವಾಯಿತು, ಶುಭಕಾರ್ಯ ಇನ್ನೂ ಮುಗಿದಿಲ್ಲ ಅಂತ. ಆ ದಿನ ನಾನು ಆ ಕುರ್ಚಿಯಿಂದ ಎದ್ದದ್ದು ಇಬ್ಬರು ಕೈ ಹಿಡಿದು ಎತ್ತಿದ ಮೇಲೆ.

ಟಿವಿಯಲ್ಲಿ ಬಂದ ಮೀಸೆ

ಇದು ನಮ್ಮ ಮನೆಯದೇ ಕಥೆ. ಸೂಲೂರಿನಲ್ಲಿ ನನ್ನ ಅಕ್ಕ ಇದ್ದಾಳೆ. ಭಾವನಿಗೆ ಸೀರೆಯ ಮಗ್ಗಗಳಿವೆ. ಆ ಸೀರೆಗಳ ಅಂಚಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವವಳು ಅವರ ಮಗಳು. ಚೌಕಳಿ ಚೌಕಳಿಯಾಗಿ ಬಣ್ಣ ತುಂಬಿ ನವಿಲು, ಹಂಸ, ಮಾವಿನಕಾಯಿ ಬರೆಯುತ್ತಾಳೆ, ಮಗ್ಗ ಅದನ್ನೇ ನೇಯುತ್ತದೆ. ಹುಡುಗಿಗೆ ಅದೇ ಪ್ರಾಣ.

ನೋಡಲು ಬಂದ ಎರಡು ಗಂಡಿನ ಕಡೆಯವರು "ಮದುವೆ ಆದಮೇಲೆ ಕಂಪ್ಯೂಟರೆಲ್ಲ ಯಾಕೆ?" ಅಂದಿದ್ದರು. ಇವಳು ಎರಡನ್ನೂ ಬೇಡ ಅಂದಿದ್ದಳು. ಮೂರನೆಯದು ತಿರುಪ್ಪೂರಿನ ಹುಡುಗ. ಅವನ ಫೋಟೋವನ್ನು ಇವಳು ತಲೆದಿಂಬಿನ ಕೆಳಗೆ ಇಟ್ಟುಕೊಂಡದ್ದು ನನಗೆ ಗೊತ್ತಿತ್ತು. "ಚಿಕ್ಕಮ್ಮಾ, ಇವರೂ ಹಾಗೇ ಅಂದರೆ ಬೇಡ ಅನ್ನಲೇಬೇಕು. ಆದರೆ ಅನ್ನೋಕೆ ಮನಸ್ಸಿಲ್ಲ" ಅಂದಳು.

ಬಾಯಲ್ಲಿ ಹೇಳುವುದಕ್ಕಿಂತ ಕೆಲಸವನ್ನೇ ತೋರಿಸಿಬಿಡೋಣ ಅಂದೆ. ಒಳಕೋಣೆಯ ಕಂಪ್ಯೂಟರಿನಿಂದ ಹಜಾರದ ದೊಡ್ಡ ಟಿವಿಗೆ ಕೇಬಲ್ ಎಳೆದೆ. ಟಿವಿ ಮೊದಲು ಸಿಗ್ನಲ್ಲೇ ಇಲ್ಲ ಎಂದು ಹಟ ಹಿಡಿಯಿತು. ಕಂಪ್ಯೂಟರಿನಲ್ಲಿ ಕಂಡದ್ದೇ ಟಿವಿಯಲ್ಲೂ ಕಾಣುವಂತೆ ಮಾಡಿ, ಪರೀಕ್ಷಿಸಿ, ಟಿವಿ ಆರಿಸಿದೆ. "ನಾನು ಹಜಾರದಿಂದ ಕೆಮ್ಮಿದಾಗ ಡಿಸೈನ್ ತೆಗಿ. ಅಲ್ಲಿಯವರೆಗೆ ಸುಮ್ಮನಿರು" ಅಂದೆ.

ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ.

ಗಂಡಿನ ಕಡೆಯವರು ಬಂದರು. ಅಪ್ಪ, ಅಮ್ಮ, ಚೆಕ್ಸ್ ಶರಟು ಹಾಕಿದ ಹುಡುಗ. ಮೂಗಿನ ಕೆಳಗೆ ಒಳ್ಳೆ ಪೊರಕೆಯಂಥ ಮೀಸೆ. ನಾನು ಬಜ್ಜಿ ತರಲು ಅಡಿಗೆಮನೆಗೆ ಹೋದೆ. ಹಜಾರದಲ್ಲಿ ಭಾವನ ಕೈ ಸುಮ್ಮನಿರಲಿಲ್ಲ. ರಿಮೋಟ್ ತೆಗೆದು ಟಿವಿ ಹಾಕಿಬಿಟ್ಟಿದ್ದಾರೆ. ನಾನು ತಟ್ಟೆ ಹಿಡಿದು ಬರುವಾಗ ಟಿವಿಯ ತುಂಬ ಚೌಕಳಿ, ಚೌಕಳಿಯ ನಡುವೆ ಒಂದು ಮುಖ ಮೂಡುತ್ತಿದೆ. ಅಗಲವಾದ ಕಿವಿ. ನೀಳವಾದ ಮೂಗು. ಅದರ ಕೆಳಗೆ ದಪ್ಪ ಮೀಸೆ. ಆಮೇಲೆ ಚೆಕ್ಸ್ ಶರಟು. ಯಾರದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಒಳಗೆ ಕೂತವಳು ಬಾಗಿಲ ಸಂದಿಯಲ್ಲಿ ನೋಡಿ ನೋಡಿ ಬರೆಯುತ್ತಿದ್ದಾಳೆ, ಆ ಸಂದಿಗೆ ಟಿವಿ ಕಾಣದು, ಹೊರಗೆ ಅದನ್ನು ಹಾಕಿದ್ದು ಅವಳಿಗೆ ಗೊತ್ತೇ ಇಲ್ಲ.

ಭಾವನ ಕೈ ರಿಮೋಟಿನ ಮೇಲೆ ಮರಗಟ್ಟಿತು. ಅಕ್ಕ ನನ್ನನ್ನು ಸುಡುವ ಹಾಗೆ ನೋಡಿದಳು. ಕೆಮ್ಮಬೇಕು ಅನ್ನುವುದೇ ನನಗೆ ಮರೆತುಹೋಗಿತ್ತು.

ಆಗ ಟಿವಿಯಲ್ಲಿ ಮೀಸೆ ಮಾಯವಾಯಿತು. ಎಲ್ಲರೂ ಟಿವಿ ನೋಡಿದರು, ಹುಡುಗನನ್ನು ನೋಡಿದರು. ಮೀಸೆ ಮತ್ತೆ ಬಂತು. ಮತ್ತೆ ಹೋಯಿತು. ಒಂದು ಸಣ್ಣ ಗೆರೆ ಮೀಸೆ ಬಂತು, ಅವಳಿಗೆ ಹಿಡಿಸಲಿಲ್ಲ, ಅದೂ ಹೋಯಿತು. ಹುಡುಗನ ಕೈ ತಾನಾಗಿ ತನ್ನ ಮೀಸೆಯನ್ನು ಮುಚ್ಚಿಕೊಂಡಿತು. ಆಗ ನೆನಪಾಗಿ ನಾನು ಒಮ್ಮೆ ಕೆಮ್ಮಿದೆ. ಹುಡುಗನ ತಾಯಿ ಟಿವಿಯಿಂದ ಕಣ್ಣು ತೆಗೆಯದೆ ನನ್ನ ಮೊಣಕೈ ಒತ್ತಿ ಹಿಡಿದರು. "ಶ್! ಕೊಂಜ ಇರಿ. ಮೀಸೆ ತೆಗೀತಾ ಇದ್ದಾಳೆ."

ಇನ್ನೊಮ್ಮೆ ಗಟ್ಟಿಯಾಗಿ ಕೆಮ್ಮಿದೆ. ಈ ಚಿತ್ರವನ್ನು ಉಳಿಸಿಕೊಳ್ಳಲೇ ಎಂದು ಕಂಪ್ಯೂಟರ್ ಕೇಳುವ ಪೆಟ್ಟಿಗೆ ಟಿವಿಯಲ್ಲಿ ತೆರೆಯಿತು. ಬಾಣದ ಗುರುತು ಸ್ವಲ್ಪ ಹೊತ್ತು ಅನುಮಾನಿಸಿ, ಬೇಡ ಅನ್ನುವುದರ ಮೇಲೆ ಒತ್ತಿತು. "ಅಯ್ಯೋ, ಅಳಿಸಿಬಿಟ್ಟಳಾ!" ಎಂದು ಪಿಸುಗುಟ್ಟಿದರು ಹುಡುಗನ ತಂದೆ. ಆಮೇಲೆ ಒಂದರ ಹಿಂದೆ ಒಂದು ನವಿಲು, ಹಂಸ ಬಂದವು.

ಹುಡುಗ ಎದ್ದ. "ಗಾಡಿ ಬಿಸಿಲಲ್ಲಿ ನಿಂತಿದೆ, ನೆರಳಿಗೆ ಹಾಕಿ ಬರ್ತೀನಿ" ಎಂದು ಹೊರಗೆ ಹೋಗಿಯೇಬಿಟ್ಟ. ಅಕ್ಕನ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ಕೇಳಿದ್ದು ಒಂದೇ ಒಂದು, ಅದನ್ನೂ ನನ್ನ ಕೈಯಾರೆ ಹಾಳು ಮಾಡಿದೆನಲ್ಲ!

ಅಷ್ಟರಲ್ಲಿ ಹುಡುಗಿ ಕಾಫಿಗೆಂದು ಅಡಿಗೆಮನೆಗೆ ಹೋಗಿದ್ದಳು. ಮಾತಾಡಿದವರು ಹುಡುಗನ ತಾಯಿ. "ಆ ಮೀಸೆ ತೆಗಿ, ತೆಗಿ ಅಂತ ನಾನು ಬಡಕೊಂಡಿದ್ದೇ ಬಂತು. ಈ ಹುಡುಗಿ ಕೂತಲ್ಲೇ ತೆಗೆದು ತೋರಿಸಿದಳು. ಇಂಥ ಕೈಯನ್ನ ಮದುವೆ ಆದಮೇಲೆ ಸುಮ್ಮನೆ ಕೂರಿಸೋಕಾಗುತ್ತಾ? ಕಂಪ್ಯೂಟರನ್ನೂ ಅವಳ ಜೊತೆಗೇ ಕಳಿಸಿ."

ಹುಡುಗಿ ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ಹೊರಗೆ ಬಂದಳು. ಅದೇ ಹೊತ್ತಿಗೆ ಹುಡುಗನೂ ಒಳಗೆ ಬಂದ. ಬೀದಿ ಕೊನೆಯ ಸಲೂನಿಗೆ ಹೋಗಿದ್ದ. ಮೂಗಿನ ಕೆಳಗೆ ನುಣ್ಣಗೆ, ಕಿವಿಯ ಹಿಂದೆ ಇನ್ನೂ ಸೋಪಿನ ನೊರೆ. ಹುಡುಗಿ ತಲೆಯೆತ್ತಿ ನೋಡಿದಳು. ತಟ್ಟೆಯಲ್ಲಿ ಲೋಟಗಳೆಲ್ಲ ಗಲಗಲ ಅಂದವು.

ಆಮೇಲೆ ಅಡಿಗೆಮನೆಯಲ್ಲಿ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಚಿಕ್ಕಮ್ಮಾ, ನಾನು ಮನಸ್ಸಲ್ಲಿ ಅಂದುಕೊಂಡದ್ದು ಅವರಿಗೆ ಹೇಗೆ ಗೊತ್ತಾಯ್ತು? ಹೇಳದೇನೇ ತಿಳ್ಕೊಳ್ಳೋ ಗಂಡ ಎಲ್ಲಿ ಸಿಗ್ತಾನೆ? ನನಗೆ ಒಪ್ಪಿಗೆ ಅಂತ ಹೋಗಿ ಹೇಳು."

ಹೋಗಿ ಹೇಳಿದೆ. ಟಿವಿಯ ವಿಷಯ ಅವಳ ಕಿವಿಗೆ ಹಾಕಬಾರದು ಎಂದು ಹಜಾರದಲ್ಲಿದ್ದವರೆಲ್ಲ ಕಣ್ಣಲ್ಲೇ ಒಪ್ಪಂದ ಮಾಡಿಕೊಂಡೆವು. ಮದುವೆಯೂ ಚೆನ್ನಾಗಿ ಆಯಿತು.

ಮೊನ್ನೆ ಆ ಅಳಿಯನಿಂದ ಫೋನ್ ಬಂತು. ದನಿ ತೀರ ಮೆಲ್ಲಗಿತ್ತು, ಬಾಗಿಲ ಮರೆಯಲ್ಲಿ ನಿಂತು ಮಾತಾಡುತ್ತಿದ್ದನೇನೋ.

"ಚಿಕ್ಕತ್ತೆ, ಬೆಳಗಿನಿಂದ ಮುಖ ಊದಿಸ್ಕೊಂಡು ಕೂತಿದ್ದಾಳೆ. ಏನಾಯ್ತು ಅಂತ ಕೇಳಿದರೆ, 'ನನ್ನ ಮನಸ್ಸಲ್ಲಿರೋದು ನಿಮಗೆ ಗೊತ್ತಾಗುತ್ತಲ್ಲ' ಅಂತಾಳೆ. ನೀವು ಕೊಂಜ ಆ ಟಿವಿ ಕೇಬಲ್ ತಗೊಂಡು ನಮ್ಮ ಮನೆಗೆ ಬರ್ತೀರಾ?"